ಹುಲ್ಲುಗುಡ್ಡದಲ್ಲಿ ನಾವು ನೆಟ್ಟ ಮರಗಳು

ನಮ್ಮ ತಂಡಕ್ಕೆ ಹೊಸದಾಗಿ ಸೇರಿದವರು ನನ್ನಲ್ಲಿ ಕೇಳಿದ್ದು ಒಂದು ಪುಟದ ಪಟ್ಟಿ. ಘಟ್ಟಕ್ಕೆ ಹೋಗುವಾಗ ಏನೇನು ಹಿಡಿದುಕೊಳ್ಳಬೇಕು, ಎಂತಹ ಬೂಟು, ರಕ್ತ ಹೀರುವ ಇಂಬಳಕ್ಕೆ ಏನು ಹಚ್ಚಬೇಕು, ಅರಣ್ಯ ಇಲಾಖೆಗೆ ಅರ್ಜಿ ಹೇಗೆ ಬರೆಯಬೇಕು. ಅರ್ಧ ಗಂಟೆಯ ಕೆಲಸ ಅದು. ಬೂಟು ಯಾವುದಾದರೂ ಆದೀತು. ಇಂಬಳಕ್ಕೆ ಹೊಗೆಸೊಪ್ಪಿನ ನೀರಿನಲ್ಲಿ ಅದ್ದಿ ಒಣಗಿಸಿದ ಕಾಲುಚೀಲ ಸಾಕು. ಅರ್ಜಿಯನ್ನು ಮೂರು ಪ್ರತಿ ಮಾಡಿ, ಒಂದಕ್ಕೆ ಸೀಲು ಹಾಕಿಸಿಕೊಂಡು ಬನ್ನಿ. ಇಷ್ಟು ಬರೆದ ಮೇಲೆ ಪೆನ್ನು ಇಡಬಹುದಿತ್ತು. ಇಡಲಾಗದೆ ಮೂರು ವಾರವಾಯಿತು.

ನಾನು ಬಲ್ಮಠದ ಕಡೆಯ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದವನು. ಆ ಕೆಲಸ ಬಿಟ್ಟು ವರ್ಷಗಳಾದವು, ಅದರ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಸಂಬಳವಿಲ್ಲದ ಇನ್ನೊಂದು ಕೆಲಸವನ್ನು ಇಪ್ಪತ್ತಮೂರು ವರ್ಷ ಮಾಡಿದೆ. ಭಾನುವಾರಗಳಲ್ಲಿ ಘಟ್ಟಕ್ಕೆ ಹೋಗಿ ಕಾಡಿನ ಚಾಕರಿ ಮಾಡುವುದು. ಅದರಿಂದ ಈ ಏಪ್ರಿಲ್‌ನಲ್ಲಿ ನಿವೃತ್ತನಾದೆ. ಬೀಳ್ಕೊಡುಗೆ ಸಮಾರಂಭ ಇರಲಿಲ್ಲ. ಎಡಗಾಲಿನ ಮಂಡಿ ಆದೇಶ ಹೊರಡಿಸಿತು, ಅಷ್ಟೆ.

ವರ್ಷಕ್ಕೊಂದರಂತೆ ಇಪ್ಪತ್ತಮೂರು ಡೈರಿಗಳು ನನ್ನ ಮೇಜಿನ ಮೇಲಿವೆ. ಬರೆಯುವ ಮೊದಲು ಅವನ್ನು ಓದುತ್ತೇನೆ, ಓದಿದ ಮೇಲೆ ಬರೆಯುವ ಧೈರ್ಯ ಕಡಿಮೆಯಾಗುತ್ತದೆ. ನಮ್ಮ ಮೊದಲ ಭಾನುವಾರ ಸುಡುಬಿಸಿಲು ಇತ್ತೆಂದು ಎಷ್ಟೋ ಸಭೆಗಳಲ್ಲಿ ಹೇಳಿದ್ದೇನೆ. ಡೈರಿಯಲ್ಲಿ ‘ಬೆಳಗಿನಿಂದ ಜಡಿಮಳೆ’ ಎಂದಿದೆ. ಬಿಸಿಲು ಎಲ್ಲಿಂದ ಬಂತೋ ನನಗೆ ತಿಳಿಯದು. ಇದು ಸಣ್ಣ ತಪ್ಪು, ಯಾರಿಗೂ ನಷ್ಟವಿಲ್ಲ. ದೊಡ್ಡದೊಂದು ಇದೆ. ಘಟ್ಟದ ಬುಡದಲ್ಲಿ, ಕಾಡು ಕಾಯುವ ವಾಚರ್ ಲಿಂಗಪ್ಪಣ್ಣನ ಮನೆಯೂ ಸೇರಿದಂತೆ ಮೂರು ಮನೆಗಳಿವೆ. ಆ ಮನೆಗಳ ಕುಡಿಯುವ ನೀರು ನಿಂತುಹೋಯಿತು. ನಿಂತದ್ದು, ನನಗೆ ತಿಳಿದಮಟ್ಟಿಗೆ, ನಾವು ಮಾಡಿದ ಒಳ್ಳೆಯ ಕೆಲಸದಿಂದ. ಅದನ್ನು ಹೇಳದೆ ನಿಮಗೆ ಬೂಟಿನ ಪಟ್ಟಿ ಕೊಟ್ಟು ಕಳಿಸುವುದು ಸರಿಯಲ್ಲ.

ಗುಡ್ಡದ ಹೆಸರು ಬರೆಯುವುದಿಲ್ಲ. ಬರೆದರೆ ಮುಂದಿನ ಭಾನುವಾರ ಅಲ್ಲಿ ನಲವತ್ತು ಕಾರು ನಿಲ್ಲುತ್ತವೆ.

ಆಗ ನಾವು ಹತ್ತು ಹನ್ನೊಂದು ಜನ. ಶನಿವಾರ ಸಂಜೆಯೇ ಇಗರ್ಜಿಗೆ, ಎಂದರೆ ಚರ್ಚಿಗೆ, ಹೋಗಿ ಪೂಜೆ ಮುಗಿಸಿಬಿಡುತ್ತಿದ್ದೆ, ಭಾನುವಾರ ಬೆಳಿಗ್ಗೆ ಐದೂವರೆಗೆ ಹಂಪನಕಟ್ಟೆಯಲ್ಲಿ ವ್ಯಾನ್ ಹತ್ತಬೇಕಿತ್ತಲ್ಲ. ನನ್ನ ಹೆಂಡತಿ ಹಿಲ್ಡಾ ನರ್ಸ್ ಆಗಿದ್ದವಳು, ಅವಳಿಗೆ ವಾರಕ್ಕೆ ಒಂದೇ ರಜೆ. “ದೇವರಿಗೆ ಶನಿವಾರ, ಮರಕ್ಕೆ ಭಾನುವಾರ. ನನಗೆ ಯಾವ ವಾರ ಅಂತ ಒಮ್ಮೆ ಹೇಳಿಬಿಡಿ, ಕ್ಯಾಲೆಂಡರಿನಲ್ಲಿ ಗುರುತು ಹಾಕ್ತೇನೆ,” ಎಂದು ಕೊಂಕಣಿಯಲ್ಲಿ ಕೇಳುತ್ತಿದ್ದಳು. ನಾನು ನಗುತ್ತಿದ್ದೆ. ಅವಳು ನಗುತ್ತಿದ್ದಳೋ ಇಲ್ಲವೋ ಡೈರಿಯಲ್ಲಿ ಬರೆದಿಲ್ಲ.

ವ್ಯಾನಿನಲ್ಲಿ ನನ್ನ ಪಕ್ಕ ಯಾವಾಗಲೂ ಸದಾನಂದ. ಬ್ಯಾಂಕಿನಲ್ಲಿದ್ದವನು, ತುಳುವ, ಬಾಯಿ ತುಂಬ ತಮಾಷೆ. ತಂಡ ಕಟ್ಟಿದ್ದು ನಾವಿಬ್ಬರೇ. ಎರಡು ವರ್ಷದ ಹಿಂದೆ ತೀರಿಕೊಂಡ. ಅವನು ಇದ್ದಿದ್ದರೆ ಈ ಬರಹದ ಪ್ರತಿ ಪುಟಕ್ಕೂ ತಕರಾರು ತೆಗೆಯುತ್ತಿದ್ದ. ಈಗ ಎದುರು ಹೇಳುವವರು ಯಾರೂ ಇಲ್ಲ ಎನ್ನುವುದೇ ನನಗೆ ಭಯ.

ಕೆಲಸ ಎಂತಹದ್ದು ಎಂದರೆ, ಹೆಚ್ಚಿನ ಭಾನುವಾರಗಳಲ್ಲಿ ನೋಡಲು ಏನೂ ಇಲ್ಲದ ಕೆಲಸ. ಮಳೆ ನಿಂತ ಮೇಲೆ ಘಾಟಿ ರಸ್ತೆಯ ಬದಿಯಿಂದ ಬಾಟಲಿ, ತಟ್ಟೆ, ಮಕ್ಕಳ ಡಯಾಪರು ಹೆಕ್ಕುವುದು. ಡಿಸೆಂಬರ್–ಜನವರಿಯಲ್ಲಿ ಬೆಂಕಿರೇಖೆ. ಹುಲ್ಲು ಮತ್ತು ಕಾಡು ಸೇರುವ ಅಂಚಿನಲ್ಲಿ ಮೂರು ನಾಲ್ಕು ಮೀಟರ್ ಅಗಲಕ್ಕೆ ಹುಲ್ಲು ಸವರಿ ನೆಲ ಬರಿದು ಮಾಡುವುದು, ಒಂದು ಬದಿಯ ಬೆಂಕಿ ಇನ್ನೊಂದು ಬದಿಗೆ ದಾಟಬಾರದಲ್ಲ. ಸಂಜೆಗೆ ಅಂಗೈಯಲ್ಲಿ ಗುಳ್ಳೆ ಎದ್ದಿರುತ್ತಿತ್ತು. ಹಿಂತಿರುಗಿ ನೋಡಿದರೆ ಇಡೀ ದಿನದಲ್ಲಿ ಸವರಿದ್ದು ಒಂದು ಕ್ರಿಕೆಟ್ ಮೈದಾನದ ಉದ್ದವೂ ಇರುತ್ತಿರಲಿಲ್ಲ.

ಮೊದಲ ವರ್ಷ ಸವರಿದ ಹುಲ್ಲನ್ನೆಲ್ಲ ರಾಶಿ ಹಾಕಿದೆವು, ಅಂದವಾಗಿ, ಕಾಡಿನ ಬದಿಗೆ. ಒಣಹುಲ್ಲಿನ ರಾಶಿಯನ್ನು ಕಾಡಿಗೆ ತಾಗಿಸಿ ಇಟ್ಟರೆ ಒಂದು ಕಿಡಿ ಹಾರಿ ಬಂದರೂ ಸಾಕು ಎನ್ನುವುದು ಓದಿದ ಹನ್ನೊಂದು ಜನರಿಗೆ ಹೊಳೆಯಲಿಲ್ಲ. ಮುಂದಿನ ಭಾನುವಾರ ಹೋದಾಗ ರಾಶಿಗಳೆಲ್ಲ ರೇಖೆಯ ಆಚೆ, ಹುಲ್ಲಿನ ಬದಿಗೆ ಹೋಗಿದ್ದವು. “ಎಂತ ಗಾಳಿ ಮಾರಾಯ!” ಎಂದು ಸದಾನಂದ ಆಶ್ಚರ್ಯಪಟ್ಟ. ನಾನು ಡೈರಿಯಲ್ಲಿ ‘ಗಾಳಿ ಬಲವಾಗಿದೆ’ ಎಂದು ಬರೆದೆ. ಗಾಳಿಯ ಹೆಸರು ಲಿಂಗಪ್ಪ ಎಂದು ತಿಳಿಯಲು ನಮಗೆ ಎರಡು ವರ್ಷ ಬೇಕಾಯಿತು. ದಿನಗೂಲಿಯ ವಾಚರ್. ನಾವು ವ್ಯಾನ್ ಹತ್ತಿದ ಮೇಲೆ, ವಾರವಿಡೀ, ಒಬ್ಬರೇ ಹೊತ್ತು ಹಾಕಿದ್ದರು.

ಆಗೆಲ್ಲ ನಾನು ಅವರನ್ನು “ಏ ಲಿಂಗಪ್ಪ” ಎಂದೇ ಕರೆಯುತ್ತಿದ್ದೆ. ಅವರು ನನ್ನದೇ ಪ್ರಾಯದವರು. ‘ಅಣ್ಣ’ ಯಾವಾಗ ಸೇರಿತು ಎಂದು ಹುಡುಕಿದೆ. ಎಂಟನೆಯ ಡೈರಿಯಲ್ಲಿಯೂ ಇಲ್ಲ.

ಇಲಾಖೆಯ ಅಧಿಕಾರಿಗಳು ಎರಡು ಮೂರು ವರ್ಷಕ್ಕೊಮ್ಮೆ ಬದಲಾಗುತ್ತಿದ್ದರು. ಒಬ್ಬರಿಗೆ ಬ್ಯಾನರ್ ಇಲ್ಲದೆ ಕೆಲಸ ಆರಂಭವಾಗುತ್ತಿರಲಿಲ್ಲ. ಬ್ಯಾನರ್ ಕಟ್ಟಲು ಎರಡು ಮರ ಬೇಕು, ಹುಲ್ಲುಗುಡ್ಡದಲ್ಲಿ ಮರ ಎಲ್ಲಿದೆ? ನಾನೂ ಸದಾನಂದನೂ ಅದನ್ನು ಹಿಡಿದುಕೊಂಡು ನಿಂತೆವು, ಕೆಲಸ ಉಳಿದವರು ಮಾಡಿದರು. ಇನ್ನೊಬ್ಬರು ತಮಿಳುನಾಡಿನ ಕಡೆಯ ಯುವಕ. ಮೊದಲ ದಿನ ನಮ್ಮನ್ನೆಲ್ಲ ಹುಲ್ಲಿನಲ್ಲಿ ಕೂರಿಸಿ, “ಒಂದು ಗಂಟೆ ಏನೂ ಮಾಡಬೇಡಿ ಸರ್. ಯಾರು ಬರ್ತಾರೆ, ಯಾರು ಹೋಗ್ತಾರೆ, ನೋಡಿ ಅಷ್ಟೇ,” ಎಂದರು. ಒಂದು ಗಂಟೆಯಲ್ಲಿ ನನಗೆ ಹೆಸರು ಗೊತ್ತಿಲ್ಲದ ಏಳು ಬಗೆಯ ಹುಲ್ಲು ಕಂಡವು. ನನ್ನ ಕಾಲೇಜಿನ ಮೂವತ್ತು ವರ್ಷದಲ್ಲಿ ಅಷ್ಟು ನಾಚಿಕೆ ಆದದ್ದಿಲ್ಲ. ಅವರು ಬಂದದ್ದು ತಡವಾಗಿ. ಅಷ್ಟರಲ್ಲಿ ನಾವು ಮರ ನೆಟ್ಟಾಗಿತ್ತು.

ನೆಟ್ಟದ್ದು ಹೀಗೆ. ಸದಾನಂದನ ತಂದೆ ತೀರಿಕೊಂಡ ವರ್ಷ ಅವನಿಗೆ ಅವರ ಹೆಸರಿನಲ್ಲಿ ಒಂದು ಗಿಡ ನೆಡಬೇಕು ಅನ್ನಿಸಿತು. ಗುಡ್ಡದ ಓರೆಯಲ್ಲಿ, ರಸ್ತೆಯಿಂದ ಹತ್ತು ನಿಮಿಷ ನಡೆದರೆ ಸಿಗುವ ಜಾಗದಲ್ಲಿ, ಒಂದು ಹೊನ್ನೆ ಗಿಡ ನೆಟ್ಟೆವು. ತಗಡಿನ ಚೀಟಿಯಲ್ಲಿ ಹೆಸರು. ಅದನ್ನು ಕೇಳಿದವರು ತಾವೂ ನೆಡುತ್ತೇವೆ ಎಂದರು. ಊರಿನಲ್ಲಿ ಬಾಯಿಯಿಂದ ಬಾಯಿಗೆ ಹೋಯಿತು. ಕಥೊಲಿಕರು ಆತ್ಮಗಳ ತಿಂಗಳಾದ ನವೆಂಬರಿನಲ್ಲಿ ಬರುತ್ತಿದ್ದರು, ಉಳಿದವರು ತಂದೆ ತಾಯಿಯರ ತಿಥಿಯ ಸುತ್ತಮುತ್ತ. ‘ನೆನಪಿನ ಗಿಡ’ ಎಂದು ಹೆಸರಾಯಿತು. ಆರು ಮಳೆಗಾಲದಲ್ಲಿ ಆ ಇಳಿಜಾರು ಗಿಡಗಳಿಂದ ತುಂಬಿತು. ನಮಗೆ ಹೊಸ ಸ್ವಯಂಸೇವಕರು ಸಿಕ್ಕಿದ್ದೂ ಅದರಿಂದಲೇ.

ಅದು ಖಾಲಿ ಜಾಗ ಎಂದುಕೊಂಡಿದ್ದೆ. ಇದನ್ನು ಹೇಗೆ ವಿವರಿಸಲಿ? ಎತ್ತರದ ಗುಡ್ಡಗಳಲ್ಲಿ ಹುಲ್ಲುಗಾವಲು ಎಂದರೆ ಹಾಳಾದ ಕಾಡಲ್ಲ, ಅದು ಸಾವಿರಾರು ವರ್ಷದಿಂದ ಹುಲ್ಲೇ, ಮಳೆನೀರನ್ನು ಹೀರಿ ಹಿಡಿದಿಟ್ಟು ಬೇಸಿಗೆಯಲ್ಲಿ ಬಿಡುವುದು ಅದೇ ಎಂದು ಪ್ರತಿ ಜುಲೈಯಲ್ಲಿ ತರಗತಿಯಲ್ಲಿ ಚಿತ್ರ ಬರೆದು ಕಲಿಸುತ್ತಿದ್ದೆ. ಆದರೆ ಪಾಠದಲ್ಲಿದ್ದದ್ದು ನೀಲಗಿರಿಯ ಗುಡ್ಡ. ನನ್ನ ಎದುರಿದ್ದದ್ದು ವ್ಯಾನ್ ನಿಲ್ಲುವ ಜಾಗದಿಂದ ಹತ್ತು ನಿಮಿಷದ ಓರೆ. ಎರಡೂ ಒಂದೇ ಎಂದು ತಲೆಗೆ ಹೋಗಲಿಲ್ಲ.

ಗುಡ್ಡಕ್ಕೆ ಗೊತ್ತಿತ್ತು. ಹೊನ್ನೆ, ನೇರಳೆ, ಹೆಬ್ಬಲಸು ಯಾವುದೂ ನಿಲ್ಲಲಿಲ್ಲ. ಬೇಸಿಗೆಯ ಗಾಳಿಗೆ ಸುಟ್ಟುಹೋದವು, ಉಳಿದದ್ದನ್ನು ಕಡವೆ ತಿಂದವು. ನೆಟ್ಟ ಮೇಲಿನ ಎರಡನೆಯ ಅಕ್ಟೋಬರಿನಲ್ಲಿ ನಾನು, ಸದಾನಂದ ಇಬ್ಬರೇ ಹೋಗಿ ನೋಡಿದಾಗ ತಗಡಿನ ಚೀಟಿಗಳು ಒಣಕಡ್ಡಿಗಳಿಗೆ ತೂಗುತ್ತಿದ್ದವು. ತಿಂಗಳು ಕಳೆದರೆ ಮನೆಯವರು ಬರುತ್ತಾರೆ. ಸತ್ತವರ ಹೆಸರಿನ ಗಿಡವೂ ಸತ್ತಿದೆ ಎಂದು ಯಾರು ಹೇಳುವುದು?

ಮುಂದಿನದ್ದನ್ನು ನಾನು ಹಲವು ಬಾರಿ, ಹಲವರಿಗೆ ಹೇಳಿದ್ದೇನೆ, ಯಾವಾಗಲೂ ಹೀಗೆ: ಸದಾನಂದ ಒಂದು ಕಡ್ಡಿಯನ್ನು ಕಿತ್ತು ಎಸೆದು, “ಅಕೇಶಿಯ ತಂದು ಇಡುವ ಮಾರಾಯ. ಅದು ಸಾಯುವ ಜಾತಿ ಅಲ್ಲ. ಎಲೆ ನೋಡಿ ಯಾರಿಗೆ ಗೊತ್ತಾಗ್ತದೆ? ಹಸುರು ಕಂಡ್ರೆ ಸಾಕಲ್ಲ,” ಎಂದ. ನಾನು ಬೇಡವೆಂದೆ, ಅವನು ಕೇಳಲಿಲ್ಲ, ಕೊನೆಗೆ ಒಪ್ಪಿದೆ.

ಈ ಬರಹಕ್ಕಾಗಿ ಆ ವರ್ಷದ ಡೈರಿ ತೆರೆದೆ. ನನ್ನದೇ ಅಕ್ಷರ, ನೀಲಿ ಶಾಯಿ: ‘ಅಕೇಶಿಯ ತರುವುದೊಂದೇ ದಾರಿ. ಸದಾನಂದ ಬೇಡ ಅನ್ನುತ್ತಾನೆ. ಒಪ್ಪಿಸಬೇಕು.’

ಆ ಪುಟವನ್ನು ಎಷ್ಟು ಹೊತ್ತು ನೋಡಿದೆನೋ. ಆ ತಮಾಷೆಯ ಮಾತು ಅವನದ್ದೇ ಧ್ವನಿಯಲ್ಲಿ ಈಗಲೂ ಕೇಳುತ್ತದೆ. ಬಹುಶಃ ಒಪ್ಪಿದ ಮೇಲೆ ಹೇಳಿದ್ದಿರಬಹುದು. ಅಥವಾ ನಾನೇ ಹೇಳಿ, ಅವನ ಬಾಯಿಗೆ ಹಾಕಿದ್ದಿರಬಹುದು. ಅವನ ಹೆಂಡತಿಗೆ ಫೋನ್ ಮಾಡಿ ಡೈರಿಯ ಸಾಲು ಓದಿ ಹೇಳಿದೆ. “ಅವರು ಮನೆಯಲ್ಲಿ ನಿಮ್ಮ ಬಗ್ಗೆ ಹಾಗೆಂತ ಹೇಳಿದ್ದಿಲ್ಲ ಸರ್,” ಎಂದರು. ನನಗೆ ಅದು ಸಮಾಧಾನವಾಗಲಿಲ್ಲ.

ಸತ್ತ ಗಿಡಗಳ ಗುಂಡಿಗಳಿಗೆ ಬೇಗ ಬೆಳೆಯುವ ಹೊರನಾಡಿನ ಅಕೇಶಿಯ ಬಂತು. ತಗಡಿನ ಚೀಟಿಗಳನ್ನು ಬಿಚ್ಚಿ ಹೊಸ ಗಿಡಗಳಿಗೆ ಕಟ್ಟಿದೆವು. ಮುಂದಿನ ವರ್ಷಗಳಲ್ಲಿ ನೆಟ್ಟವು ಸತ್ತಾಗಲೂ ಅದನ್ನೇ ಮಾಡಿದೆವು. ಮನೆಯವರು ಬಂದರು, ಖುಷಿಪಟ್ಟರು.

ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವರು ಸರೋಜಿನಿ ಅಕ್ಕ. ಕೂಳೂರಿನ ಸೇತುವೆಯ ಹತ್ತಿರ ಅವರ ಮನೆ. ಹೋಟೆಲು ನಡೆಸುತ್ತಿದ್ದ ಗಂಡ ಹೃದಯಾಘಾತದಲ್ಲಿ ಹೋಗಿದ್ದರು, ಅವರ ಹೆಸರಿನಲ್ಲಿ ಒಂದು ಹೊನ್ನೆ. ಉಳಿದ ಹೆಚ್ಚಿನವರು ಎರಡು ಮೂರು ವರ್ಷ ಬಂದು ನಿಲ್ಲಿಸಿದರು. ಇವರು ನಿಲ್ಲಿಸಲಿಲ್ಲ. ಪ್ರತಿ ವರ್ಷ ಕಾರಿನಲ್ಲಿ ಬಂದು, ಮಲ್ಲಿಗೆ ಚೆಂಡು ಕೊಂಬೆಗೆ ಸುತ್ತಿ, ಕೈ ಮುಗಿದು, ಗಂಡನ ಹತ್ತಿರ ಎಂಬಂತೆ ತುಳುವಿನಲ್ಲಿ ಐದು ನಿಮಿಷ ಮಾತಾಡುತ್ತಿದ್ದರು. ಮಗಳ ಮದುವೆ, ಹೊಸ ಅಡುಗೆಭಟ್ಟನ ಸೊಕ್ಕು, ಬಿ.ಪಿ. ಮಾತ್ರೆ, ಎಲ್ಲ. ಆಮೇಲೆ ನನ್ನ ಕಡೆ ತಿರುಗಿ, “ನಮ್ಮವರು ಬದುಕಿದ್ದಾಗ ಇಷ್ಟು ಬೇಗ ಎಲ್ಲಿಯೂ ಏರಿದವರಲ್ಲ ಸರ್. ಈಗ ನೋಡಿ ಎಷ್ಟು ಎತ್ತರ!” ಎಂದು ನಗುತ್ತಿದ್ದರು.

ಒಂದು ಬೇಸಿಗೆ ಆ ಓರೆಗೆ ಬೆಂಕಿ ಬಿತ್ತು. ಕಾಡಿಗೆ ದಾಟಲಿಲ್ಲ, ನಮ್ಮ ರೇಖೆ ತಡೆಯಿತು. ನಾವು ಹೆಮ್ಮೆಪಟ್ಟೆವು. ಮಳೆ ಬಂದ ಮೇಲೆ ಸುಟ್ಟ ನೆಲದಲ್ಲಿ ಅಕೇಶಿಯದ ಸಸಿಗಳು ಹರಿವೆ ಸೊಪ್ಪಿನ ಹಾಗೆ ಎದ್ದವು. ಬೆಂಕಿಯ ಬಿಸಿಗೆ ಆ ಬೀಜಗಳ ಸಿಪ್ಪೆ ಒಡೆಯುತ್ತದೆ. ಇದೂ ನಾನು ಕಲಿಸುತ್ತಿದ್ದ ಪಾಠವೇ. ಐದಾರು ವರ್ಷದಲ್ಲಿ ಆ ಓರೆಯಲ್ಲಿ ಹುಲ್ಲು ಇರಲಿಲ್ಲ. ನೆರಳು, ಒಣ ಎಲೆ, ಮೌನ.

ಲಿಂಗಪ್ಪಣ್ಣನ ಮನೆ ಅದರ ಕೆಳಗೆ. ಗುಡ್ಡದ ಓರೆಯಲ್ಲಿ ಒಸರುವ ನೀರಿಗೆ ಪೈಪು ಹಾಕಿ ಅಂಗಳಕ್ಕೆ ಇಳಿಸಿಕೊಳ್ಳುತ್ತಾರೆ, ಅಬ್ಬಿ ನೀರು ಎನ್ನುತ್ತಾರೆ. ಪಂಪು ಬೇಡ, ಕರೆಂಟು ಬೇಡ, ಹಗಲೂ ರಾತ್ರಿಯೂ ಬೀಳುತ್ತಿರುತ್ತದೆ. ಕೆಲಸ ಮುಗಿಸಿ ಇಳಿದಾಗ ನಾವೆಲ್ಲ ಅಲ್ಲಿಯೇ ಕೈಕಾಲು ತೊಳೆಯುತ್ತಿದ್ದದ್ದು. ಒಂದು ಮಾರ್ಚ್‌ನಲ್ಲಿ ಇಳಿದು ಬಂದಾಗ ಪೈಪಿನ ಬಾಯಿ ಒಣಗಿತ್ತು. ಲಿಂಗಪ್ಪಣ್ಣನ ಹೆಂಡತಿ ಕಮಲಕ್ಕ ಕೊಡ ಹೊತ್ತುಕೊಂಡು ಹೊಳೆಯ ಕಡೆಯಿಂದ ಏರಿ ಬರುತ್ತಿದ್ದರು. ನಮ್ಮನ್ನು ಕಂಡು ಆ ಕೊಡದಿಂದಲೇ ಕಾಲು ತೊಳೆಯಲು ನೀರು ಕೊಟ್ಟರು. ನಾವು ತೊಳೆದೆವು. ಡೈರಿಯಲ್ಲಿದೆ.

ಅದು ಒಂದು ವರ್ಷದ್ದಾಗಿರಲಿಲ್ಲ. ಕೇಳಿದಾಗ ತಿಳಿಯಿತು, ನಾಲ್ಕು ವರ್ಷದಿಂದ ಶಿವರಾತ್ರಿಯ ಹೊತ್ತಿಗೆ ನಿಲ್ಲುತ್ತಿತ್ತಂತೆ. ಮೊದಲು ಎಂದೂ ನಿಂತದ್ದಿಲ್ಲ.

ತಮಿಳುನಾಡಿನ ಅಧಿಕಾರಿ ನನ್ನನ್ನು ಆ ಓರೆಗೆ ಕರೆದುಕೊಂಡು ಹೋಗಿ, ಒಂದೇ ಪ್ರಶ್ನೆ ಕೇಳಿದರು: “ಸರ್, ಇಲ್ಲಿ ಮೊದಲು ಏನಿತ್ತು?” ನಾನು ಹುಲ್ಲು ಎಂದೆ. ಅವರು ಕೆಳಗಿನ ಒಣ ಪೈಪಿನ ಕಡೆ ಕೈ ತೋರಿಸಿದರು.

ಆ ಮೇಲಿನ ದಿನಗಳಲ್ಲಿ ನಾನು ಭಾಷಣಗಳಲ್ಲಿ ಒಂದು ಕಥೆ ಹೇಳಲು ಶುರುಮಾಡಿದೆ. ಜನ ಸೇರಿ ನೆಟ್ಟ ಮೊದಲ ದೊಡ್ಡ ದಿನವೇ ಲಿಂಗಪ್ಪಣ್ಣ ‘ಇಲ್ಲಿ ಮರ ಬೇಡ, ಇದು ನೀರಿನ ಹುಲ್ಲು’ ಎಂದು ಎಚ್ಚರಿಸಿದ್ದರು, ಓದಿದ ನಾವು ಕೇಳಲಿಲ್ಲ ಎಂದು. ಕೇಳಿದವರು ತಲೆದೂಗುತ್ತಿದ್ದರು. ನನ್ನ ವಿನಯವೂ ಅದರಲ್ಲಿ ಚೆನ್ನಾಗಿ ಕಾಣುತ್ತಿತ್ತು. ಒಮ್ಮೆ ಆ ಕಥೆಯನ್ನು ಲಿಂಗಪ್ಪಣ್ಣನ ಎದುರೇ, ಅವರ ಅಂಗಳದಲ್ಲಿ, ಹೊಸ ಸ್ವಯಂಸೇವಕರಿಗೆ ಹೇಳಿದೆ. ಎಲ್ಲರೂ ವ್ಯಾನಿನ ಕಡೆ ಹೋದ ಮೇಲೆ ಅವರು ನನ್ನನ್ನು ನಿಲ್ಲಿಸಿದರು.

“ಮಾಷ್ಟ್ರೆ, ನಾನು ಯಾವಾಗ ಹಾಗೆ ಹೇಳಿದ್ದು?”

“ನೆಡುವ ದಿನ, ಲಿಂಗಪ್ಪಣ್ಣ. ನೆನಪಿಲ್ಲವಾ?”

“ನಾನು ಎಂತದೂ ಹೇಳ್ಲಿಲ್ಲ. ಗುಂಡಿ ತೆಗೆದದ್ದೇ ನಾನು.”

“ಹೇಳಿದ ಹಾಗೆ ನನಗೆ ನೆನಪು...”

“ಹೇಳ್ಬೇಕು ಅಂತ ಇತ್ತು. ನೀವು ದೊಡ್ಡ ದೊಡ್ಡವರು ಬಂದದ್ದು, ಸಾಹೇಬ್ರೂ ಜೊತೆಗಿದ್ರು. ನೀವು ನನ್ನ ಹತ್ರ ಕೇಳಿದ್ದು ಹಾರೆ ಎಲ್ಲುಂಟು ಅಂತ ಮಾತ್ರ. ಹಾರೆ ತಂದುಕೊಟ್ಟೆ.”

ಅವರ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಆಡದ ಮಾತು ತನ್ನ ಹೆಸರಿನಲ್ಲಿ ಊರೂರು ತಿರುಗುವುದು ಬೇಡ ಎನ್ನುವಷ್ಟೇ. ವ್ಯಾನಿನಲ್ಲಿ ಕುಳಿತು ಡೈರಿಯ ಆ ದಿನವನ್ನು ನೆನೆಯಲು ನೋಡಿದೆ. ಮನೆಗೆ ಬಂದು ತೆರೆದೆ. ಅರವತ್ತು ಗಿಡ ನೆಟ್ಟದ್ದಿದೆ, ಊಟಕ್ಕೆ ಪುಳಿಯೋಗರೆ ಇದ್ದದ್ದಿದೆ. ಲಿಂಗಪ್ಪಣ್ಣನ ಹೆಸರೇ ಇಲ್ಲ.

ಮರ ತೆಗೆಯಬೇಕು ಎಂದು ತೀರ್ಮಾನಿಸಿದೆವು. ನೆಡಲು ಒಂದು ಫೋನ್ ಸಾಕಾಗಿತ್ತು. ತೆಗೆಯಲು ಎರಡೂವರೆ ವರ್ಷ ಬೇಕಾಯಿತು. ಇಲಾಖೆಯ ಯಾವ ಮೇಜಿನಲ್ಲೂ ಯಾರೂ ಕೆಟ್ಟವರಿರಲಿಲ್ಲ. ಕಾಡಿನಲ್ಲಿ ಮರ ಕಡಿಯಲು ಅರ್ಜಿ ಕೊಟ್ಟ ಪರಿಸರದವರನ್ನು ಅವರು ಮೊದಲ ಬಾರಿ ನೋಡುತ್ತಿದ್ದರು. “ನೀವು ಕಡೀಬಾರದು ಅಂತ ಅಲ್ವಾ ಬರುವುದು?” ಎಂದು ಒಬ್ಬ ಗುಮಾಸ್ತರು ಅರ್ಜಿಯನ್ನು ಎರಡು ಸಲ ಓದಿ ಕೇಳಿದರು. ಆ ಎರಡೂವರೆ ವರ್ಷದಲ್ಲಿ ಸದಾನಂದನೂ ಹೋದ. ಮೂರು ಮನೆಯವರು ಮೂರು ಬೇಸಿಗೆ ಹೊಳೆಗೆ ಇಳಿದು ಹತ್ತಿದರು.

ಅನುಮತಿ ಬಂದ ಮೇಲೆ ಮನೆಮನೆಗೆ ಹೇಳುವ ಕೆಲಸ. ಸಸಿಗಳನ್ನು ಕೀಳಬಹುದು, ತನಗೆ ತಾನೇ ಎದ್ದ ಮರಗಳನ್ನು ಇಲಾಖೆಯವರು ಕಡಿಯಬಹುದು. ತಗಡಿನ ಚೀಟಿ ಇರುವ ಮರವನ್ನು ಮನೆಯವರಿಗೆ ಹೇಳದೆ ಮುಟ್ಟಲು ನನಗೆ ಮನಸ್ಸಾಗಲಿಲ್ಲ. ಹಾಗೆಂದು ಆ ಮರಗಳನ್ನು ಬಿಟ್ಟರೆ ಬೀಜ ಬೀಳುವುದು ನಿಲ್ಲುವುದಿಲ್ಲ. ಹೆಚ್ಚಿನವರು, “ಆ ಗಿಡವಾ? ಇನ್ನೂ ಉಂಟಾ ಅದು?” ಎಂದರು. ಒಬ್ಬರು, “ಬೇರೆ ಕಡೆ ಇನ್ನೊಂದು ನೆಟ್ಟು ಫೋಟೋ ಕಳಿಸಿ ಸರ್, ಸಾಕು,” ಎಂದರು. ಉಳಿದದ್ದು ಕೂಳೂರಿನ ಮನೆ. ಅಲ್ಲಿಗೆ ಹಿಲ್ಡಾ ಜೊತೆಗೆ ಬಂದಳು. “ನೀವು ಅರ್ಧ ಹೇಳಿ ವಾಪಸ್ ಬರ್ತೀರಿ, ನನಗೆ ಗೊತ್ತು,” ಎಂದಳು.

ಸರೋಜಿನಿ ಅಕ್ಕ ಕಾಫಿ ಕೊಟ್ಟರು. ನೀರಿನ ವಿಷಯ ಹೇಳಿದೆ, ಮರ ತೆಗೆಯಬೇಕೆಂದೆ. ಅವರು ತಲೆ ಅಲ್ಲಾಡಿಸಿದರು.

“ಉಳಿದದ್ದು ಎಲ್ಲ ತೆಗೀರಿ ಸರ್. ನಮ್ಮವರದ್ದು ಒಂದು ಬಿಡಿ. ಒಂದು ಹೊನ್ನೆ ಎಷ್ಟು ನೀರು ಕುಡೀತದೆ?”

ಹಿಲ್ಡಾ ನನ್ನ ಮುಖ ನೋಡಿದಳು. “ಅದು ಹೊನ್ನೆ ಅಲ್ಲ ಅಕ್ಕ,” ಎಂದೆ. ಸತ್ತದ್ದು, ಬದಲಿಸಿದ್ದು, ಚೀಟಿ ಬಿಚ್ಚಿ ಕಟ್ಟಿದ್ದು, ಎಲ್ಲ ಹೇಳಿದೆ. ಹೊರಗೆ ಹೆದ್ದಾರಿಯಲ್ಲಿ ಲಾರಿಗಳು ಸೇತುವೆ ಹತ್ತುತ್ತಿದ್ದವು.

“ನೀವು ನೆಟ್ಟ ಗಿಡ ಯಾವಾಗ ಸತ್ತದ್ದು?”

“ಮೊದಲ ಬೇಸಿಗೆಯಲ್ಲೇ.”

“ಹಾಗಾದ್ರೆ ಇಷ್ಟು ವರ್ಷ ನಾನು ಕೈ ಮುಗಿದದ್ದು ಯಾರಿಗೆ ಸರ್?”

ನಾನು ಏನೋ ಹೇಳಲು ಬಾಯಿ ತೆರೆದೆ. ಅವರು ಕೈ ಎತ್ತಿ ತಡೆದರು. “ಬೇಡ. ನೀವು ಕಲಿಸುವವರು, ನಿಮ್ಮಲ್ಲಿ ಉತ್ತರ ಇರ್ತದೆ. ನನಗೆ ಬೇಡ. ಕಡಿಯುವ ದಿನ ಹೇಳಿ, ಬರ್ತೇನೆ. ಆ ನೀರಿನ ಮನೆ ಯಾವುದೂಂತ ನನಗೆ ನೋಡ್ಬೇಕು. ಈಗ ನಿಮ್ಮ ಮಾತನ್ನು ಹೇಗೆ ನಂಬುದು?”

ಕಡಿಯುವ ದಿನ ಬಂದರು. ನನ್ನ ಹತ್ತಿರ ಮಾತಾಡಲಿಲ್ಲ. ನೇರ ಲಿಂಗಪ್ಪಣ್ಣನ ಅಂಗಳಕ್ಕೆ ಹೋಗಿ, ಒಣಗಿದ ಪೈಪಿನ ಬಾಯಿಗೆ ಬೆರಳು ಹಾಕಿ ನೋಡಿದರು. ಕಮಲಕ್ಕನ ಹತ್ತಿರ ತುಳುವಿನಲ್ಲಿ ಹೊಳೆ ಎಲ್ಲಿ ಎಂದು ಕೇಳಿದರು. ಆಮೇಲೆ ಇಬ್ಬರೂ ಹೊರಟರು. ಸರೋಜಿನಿ ಅಕ್ಕನಿಗೆ ಎಪ್ಪತ್ತು ದಾಟಿದೆ. ಇಳಿದು ಹತ್ತಿ ಬರಲು ಮುಕ್ಕಾಲು ಗಂಟೆಯ ಮೇಲಾಯಿತು. ಒಂದು ಸಣ್ಣ ಕೊಡ ಅವರ ಸೊಂಟದಲ್ಲಿತ್ತು, ಸೀರೆಯ ನೆರಿಗೆ ಒದ್ದೆ. ಜಗಲಿಯಲ್ಲಿ ಕುಳಿತು ಉಸಿರು ತಿರುಗಿಸಿಕೊಂಡರು.

“ದಿನಕ್ಕೆ ಎಷ್ಟು ಸಲ?” ಎಂದು ಕಮಲಕ್ಕನನ್ನು ಕೇಳಿದರು.

“ನೆಂಟರು ಇಲ್ಲದಿದ್ರೆ ಐದಾರು ಸಲ ಅಮ್ಮ.”

ಸರೋಜಿನಿ ಅಕ್ಕ ಎದ್ದರು. ಮರದ ಹತ್ತಿರ ಹೋಗಿ ಚೀಟಿಯನ್ನು ತಾವೇ ಬಿಚ್ಚಿ ಬ್ಯಾಗಿಗೆ ಹಾಕಿಕೊಂಡರು. ಮರ ಕಡಿಯುವವನ ಕಡೆ ನೋಡಿ, “ಕಡಿ,” ಎಂದರು. ಬೀಳುವಾಗ ನೋಡಲು ನಿಲ್ಲಲಿಲ್ಲ. ಕಾರು ಹತ್ತುವ ಮೊದಲು ಹಿಲ್ಡಾಳ ಕೈ ಹಿಡಿದುಕೊಂಡರು. ನನಗೆ ನಮಸ್ಕಾರ ಹೇಳಲಿಲ್ಲ. ಈವರೆಗೂ ಫೋನ್ ಮಾಡಿಲ್ಲ. ನಾನು ಎರಡು ಸಲ ಮಾಡಿದೆ, ಎತ್ತಲಿಲ್ಲ. ಮೂರನೆಯ ಸಲ ಮಾಡುವ ಹಕ್ಕು ನನಗಿದೆಯೇ ಎಂದು ಯೋಚಿಸುತ್ತಿದ್ದೇನೆ.

ಈಗ ಕೆಲಸದ ಕ್ರಮಗಳು ಬದಲಾಗಿವೆ. ನಿಮ್ಮ ಕೈಯಲ್ಲಿ ಫೋನಿದೆ, ಗಿಡದ ಫೋಟೋ ತೆಗೆದರೆ ಹೆಸರು ಹೇಳುತ್ತದೆ, ಬೆಂಕಿ ಎಲ್ಲಿ ಎದ್ದಿದೆ ಎಂದು ಉಪಗ್ರಹ ತೋರಿಸುತ್ತದೆ. ಬೀಜದುಂಡೆ ಎಸೆಯುವ ಉತ್ಸಾಹವೂ ಬಂದು ಹೋಯಿತು. ನಮ್ಮ ತಂಡ ಈಗ ನೆಡುವುದಕ್ಕಿಂತ ಕೀಳುವುದೇ ಹೆಚ್ಚು. ಕೀಳುವುದರ ಫೋಟೋ ಚೆನ್ನಾಗಿ ಬರುವುದಿಲ್ಲ, ಹಾಗಾಗಿ ಜನ ಕಡಿಮೆ.

ಈ ಏಪ್ರಿಲ್‌ನಲ್ಲಿ, ತುಳುವರ ಹೊಸವರ್ಷದ ಬಿಸು ಹಬ್ಬ ಕಳೆದ ಭಾನುವಾರ, ಕೊನೆಯ ಸಲ ಹೋದೆ. ಓರೆಯವರೆಗೆ ಜೀಪಿನಲ್ಲಿ ಕರೆದುಕೊಂಡು ಹೋದರು. ಲಿಂಗಪ್ಪಣ್ಣ ಕಾಯುತ್ತಿದ್ದರು. ಇಳಿದವನೇ ಕೇಳಿದೆ.

“ನೀರು ಉಂಟಾ ಲಿಂಗಪ್ಪಣ್ಣ?”

“ಉಂಟು ಮಾಷ್ಟ್ರೆ. ಸಪುರ ಉಂಟು, ನೂಲಿನ ಹಾಗೆ. ಬಿಸುವಿನ ಸ್ನಾನ ಮನೆಯಲ್ಲೇ ಆಯ್ತು. ಮೊನ್ನೆಯಿಂದ ಮಧ್ಯಾಹ್ನ ನಿಲ್ತದೆ, ಬೆಳಿಗ್ಗೆ ಪುನಃ ಬರ್ತದೆ.”

“ಮರ ತೆಗೆದದ್ದಕ್ಕಾ?”

“ಹೋದ ವರ್ಷ ಮಳೆಯೂ ಒಳ್ಳೇದಿತ್ತು. ಮರಕ್ಕೋ ಮಳೆಗೋ ನನಗೆ ಹೇಗೆ ಗೊತ್ತು? ಕಾಲೇಜಿನವರು ನೀವಲ್ಲವಾ?” ಎಂದು ನಕ್ಕರು.

ನನಗೂ ಗೊತ್ತಿಲ್ಲ. ಅದನ್ನು ಹಾಗೆಯೇ ಬರೆಯುತ್ತೇನೆ. ಕಮಲಕ್ಕ ಈ ವರ್ಷ ಹೊಳೆಗೆ ಇಳಿಯಲು ಶುರುಮಾಡಿದ್ದು ಶಿವರಾತ್ರಿಗಲ್ಲ, ಬಿಸುವಿನ ನಂತರ, ಅದೂ ದಿನಕ್ಕೆ ಎರಡೇ ಸಲ. ಇಷ್ಟು ಮಾತ್ರ ಕೇಳಿ ತಿಳಿದದ್ದು.

ಕಡಿದ ಬುಡಗಳ ನಡುವೆ ಹುಲ್ಲು ತೇಪೆ ತೇಪೆಯಾಗಿ ಬಂದಿತ್ತು. ಅದರ ಸಂದಿಯಲ್ಲೆಲ್ಲ ಬೆರಳುದ್ದದ ಅಕೇಶಿಯ ಸಸಿಗಳು, ಎಣಿಸಲು ಆಗದಷ್ಟು. ಮಣ್ಣಿನಲ್ಲಿ ಇನ್ನೂ ಎಷ್ಟು ಬೀಜ ಇದೆಯೋ.

“ಇದನ್ನು ಎಷ್ಟು ವರ್ಷ ಕೀಳ್ಬೇಕಾದೀತು ಲಿಂಗಪ್ಪಣ್ಣ?”

ಅವರು ಓರೆಯನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. “ನಿಮ್ಮ ಕಾಲಕ್ಕೆ ಮುಗಿಯುದಿಲ್ಲ. ನನ್ನ ಕಾಲಕ್ಕೂ ಇಲ್ಲ. ಜನ ಕಳಿಸ್ತೀರಾ?”

ಕಳಿಸುತ್ತೇನೆ ಎಂದೆ. ನಿಮ್ಮನ್ನು ಕೇಳದೆ ಹೇಳಿಬಿಟ್ಟೆ. ಹಾಗಾಗಿ ಈ ಪುಟಗಳು ನಿಮಗೆ. ಮೂರು ಮನೆಗೆ ನೀರು ಸಿಗುವುದು ಈಗ ಆ ಸಸಿಗಳನ್ನು ಕೀಳುವುದರ ಮೇಲೆ ನಿಂತಿದೆ, ಪ್ರತಿ ಮಳೆಗಾಲ ಮುಗಿದ ಕೂಡಲೇ, ಮಣ್ಣು ಮೆತ್ತಗಿರುವಾಗ ಹೋಗಬೇಕು. ಬುಡದಲ್ಲಿ ಹಿಡಿದು ನಿಧಾನ ಎಳೆಯಿರಿ. ತುಂಡಾದದ್ದು ಮತ್ತೆ ಚಿಗುರುತ್ತದೆ. ಅಲ್ಲಿ ಏನು ಮಾಡುವ ಮೊದಲೂ ಲಿಂಗಪ್ಪಣ್ಣನನ್ನು ಕೇಳಿ, ಅವರು ಇಲ್ಲದಿದ್ದರೆ ಕಮಲಕ್ಕನನ್ನು. ಹಾರೆ ಎಲ್ಲಿದೆ ಎಂದು ಮಾತ್ರ ಕೇಳಬೇಡಿ.

ಆ ದಿನ ನನಗೆ ಬಗ್ಗಲಾಗಲಿಲ್ಲ. ಒಂದು ಬುಡದ ಪಕ್ಕ ನೆಲದಲ್ಲೇ ಕುಳಿತು, ಕೈಗೆ ಎಟುಕಿದಷ್ಟು ಕಿತ್ತೆ. ಬೇಸಿಗೆಯ ಗಟ್ಟಿ ಮಣ್ಣು, ಹೆಚ್ಚಿನವು ತುಂಡಾದವು. ಜೀಪಿನ ಹಾರನ್ ಕೇಳಿದಾಗ ಲಿಂಗಪ್ಪಣ್ಣ ಬಂದು ಕಂಕುಳಿಗೆ ಕೈ ಹಾಕಿ ಎಬ್ಬಿಸಿದರು. ಎದ್ದು ನೋಡಿದರೆ, ನಾನು ಕುಳಿತಲ್ಲಿ ಒಂದು ಚಾಪೆಯಷ್ಟು ಜಾಗ ಬರಿದಾಗಿತ್ತು. ಅದರ ಆಚೆ ಎಲ್ಲ ಹಾಗೆಯೇ ಇತ್ತು.